ಇಳಿತದ ನೀರಲ್ಲಿ ಕುರುಡೆ: ಸಣ್ಣ ದೋಣಿಯಿಂದ ಗಾಳ ಎಳೆಯುವುದು ಹೇಗೆ?

ಸಣ್ಣ ದೋಣಿಯಲ್ಲಿ ನಿಧಾನಕ್ಕೆ ಹೋಗುತ್ತಾ, ಹಿಂದೆ ಗಾಳ ಎಳೆದುಕೊಂಡು ಮೀನು ಹಿಡಿಯುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಹೆಚ್ಚಿನವು ಕೆನಡಾ, ನಾರ್ವೆ, ಫಿನ್ಲೆಂಡ್ ಕಡೆಯವು. ದೊಡ್ಡ ಸರೋವರ, ಗಾಳದ ತುದಿಯಲ್ಲಿ ಟ್ರೌಟ್ ಇಲ್ಲವೇ ಸಾಲ್ಮನ್. ಅದನ್ನು ನೋಡಿ ನಮ್ಮ ಕುಮಟಾ, ಹೊನ್ನಾವರ, ಕಾರವಾರದ ಹುಡುಗರು ಹೊಸ ರಾಡ್ ತರುತ್ತಾರೆ, ಹೊಳೆಯ ನಟ್ಟನಡುವೆ ಬೆಳಗಿಂದ ಮಧ್ಯಾಹ್ನದವರೆಗೆ ಗಾಳ ಎಳೆಯುತ್ತಾರೆ, ಒಂದು ಮೀನೂ ಮುಟ್ಟುವುದಿಲ್ಲ. ಸಾಮಾನು ಚೆನ್ನಾಗಿಯೇ ಇರುತ್ತದೆ. ಸರೋವರದ ಲೆಕ್ಕವನ್ನು ಹೊಳೆ ಸಮುದ್ರ ಸೇರುವ ಅಳಿವೆಗೆ ಹಚ್ಚಿರುತ್ತಾರೆ, ತೊಂದರೆ ಅಲ್ಲಿರುವುದು.

ಟ್ರೌಟ್ ತಣ್ಣೀರಿನ ಮೀನು. ಅದಕ್ಕೆ 10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರು ಹಿತ. ಬೇಸಿಗೆಯಲ್ಲಿ ಸರೋವರದ ಮೇಲಿನ ನೀರು ಬಿಸಿಯಾದರೆ ಅದು ಕೆಳಗಿನ ತಂಪು ಪದರಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಲಿಯವರು ಮೊದಲು ಹುಡುಕುವುದು ಆಳವನ್ನು. ಒಳಗೆ ಸೀಸದ ಎಳೆ ಇರುವ ದಾರ ಬಳಸುತ್ತಾರೆ, ಇಲ್ಲವೇ ಭಾರದ ಗುಂಡು ಕಟ್ಟಿ ಗಾಳವನ್ನು ಆ ಪದರಕ್ಕೇ ಇಳಿಸುತ್ತಾರೆ. ನಮ್ಮ ನೀರಿನಲ್ಲಿ ಟ್ರೌಟ್ ಬದುಕುವುದಿಲ್ಲ. ನಮ್ಮದು ಕುರುಡೆ, ಕಾರವಾರದ ಕಡೆಯವರ ಚೊಣಕ, ಹೋಟೆಲಿನ ಮೆನುವಿನಲ್ಲಿ ಸೀಬಾಸ್. ಕುರುಡೆಗೆ ಬೇಕಾದ್ದು ನೀರಿನ ಓಟ. ಓಡುವ ನೀರಿನ ಪಕ್ಕ ಮರೆಯಲ್ಲಿ ನಿಂತು, ಬಂದದ್ದನ್ನು ನುಂಗುವ ಮೀನು ಅದು. ಹಾಗಾಗಿ ಗಾಳ ಕಟ್ಟುವುದಕ್ಕಿಂತ ಮೊದಲು ಇಳಿತ ನೋಡುವುದನ್ನು ಕಲಿಯಬೇಕು.

ಇಲ್ಲಿ ಅಘನಾಶಿನಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಶಿರಸಿಯಲ್ಲಿ ಹುಟ್ಟಿ, ಮಿರ್ಜಾನ ದಾಟಿ, ಅಘನಾಶಿನಿ ಮತ್ತು ತದಡಿ ಊರುಗಳ ನಡುವೆ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಕಾಳಿಯಲ್ಲಾದರೆ ಮೇಲೆ ಕದ್ರಾ ಇದೆ, ಶರಾವತಿಯಲ್ಲಿ ಗೇರುಸೊಪ್ಪ ಇದೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಲೆಕ್ಕ ತಪ್ಪುತ್ತದೆ. ಇಲ್ಲಿ ಮಳೆಗಾಲ ಕಳೆದರೆ ಭರತ ಮತ್ತು ಇಳಿತದ್ದೇ ದರಬಾರು.

ಪಂಚಾಂಗ ತೆಗೆಯಿರಿ

ಮೊದಲ ಹೆಜ್ಜೆ ಮನೆಯಲ್ಲೇ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ, ಆದರೆ ಕೆಸರನ್ನೂ ಕದಡುತ್ತದೆ. ಅಷ್ಟಮಿ ಹತ್ತಿರ ಬಂದರೆ ನೀರು ತಿಳಿ, ಆದರೆ ಓಟ ಇಲ್ಲ. ನನಗೆ ಇಷ್ಟವಾಗುವುದು ಇವೆರಡರ ನಡುವಿನ ಪಂಚಮಿ, ಷಷ್ಠಿ. ಓಟವೂ ಇರುತ್ತದೆ, ಗಾಳ ಮೀನಿನ ಕಣ್ಣಿಗೂ ಬೀಳುತ್ತದೆ, ಇಳಿತ ಬೆಳಗಿನ ತಂಪು ಹೊತ್ತಿಗೇ ಸಿಗುತ್ತದೆ.

ಮೊಬೈಲಿನಲ್ಲಿ ಕಾರವಾರದ ಭರತದ ಸಮಯ ಸುಲಭವಾಗಿ ಸಿಗುತ್ತದೆ. ಅದು ಸಮುದ್ರದ ಸಮಯ ಅನ್ನೋದು ನೆನಪಿರಲಿ. ಅಳಿವೆಯಲ್ಲಿ ನೀರು ಇಳಿಯಲು ಶುರುವಾದಾಗ ಮಿರ್ಜಾನದ ಕಡೆ ಇನ್ನೂ ಏರುತ್ತಿರಬಹುದು. ಒಳಗೆ ಹೋದಷ್ಟೂ ತಡ.

ಇನ್ನೊಂದು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಇಳಿತ ಸುಮಾರು ಆರು ಗಂಟೆಯದ್ದು, ಆದರೆ ನೀರು ಒಂದೇ ಸಮ ಇಳಿಯುವುದಿಲ್ಲ. ಒಟ್ಟು ನೀರನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಎರಡನೆಯದ್ದರಲ್ಲಿ 2, ಮೂರು ಮತ್ತು ನಾಲ್ಕನೆಯದ್ದರಲ್ಲಿ ಮೂರು ಮೂರು, ಆಮೇಲೆ 2, ಕೊನೆಗೆ 1. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಹೋಗುತ್ತದೆ. ನಿಮ್ಮ ಗಾಳ ನೀರಲ್ಲಿ ಇರಬೇಕಾದ್ದು ಆಗ. ಉಳಿದ ಹೊತ್ತು ದಾರ ಸರಿ ಮಾಡಿಕೊಳ್ಳಿ, ತಿಂಡಿ ತಿನ್ನಿ. ‘ನೀರು ತಿರುಗ್ಲಿ ತಮಾ, ಅಲ್ಲಿವರೆಗೆ ಸುಮ್ನೆ ಕೂತ್ಕೋ’ ಅಂತ ದೋಣಿಯ ಹಿರಿಯರು ಹೇಳುವುದರಲ್ಲಿ ಈ ಇಡೀ ಲೆಕ್ಕ ಇದೆ.

ಕಾಲ ಯಾವುದು ಅಂದರೆ, ಮಳೆ ನಿಂತು ಹೊಳೆಯ ಕೆಂಪು ಬಣ್ಣ ಹೋದ ಮೇಲೆ. ನವರಾತ್ರಿ, ದೀಪಾವಳಿಯಿಂದ ಶುರು ಮಾಡಿದರೆ ಮೇ ತನಕ ನಡೆಯುತ್ತದೆ. ಮಳೆಗಾಲದಲ್ಲಿ ಸಣ್ಣ ದೋಣಿಯಲ್ಲಿ ಹೋಗಲೇಬೇಡಿ.

ಎಲ್ಲಿ ಎಳೆಯಬೇಕು?

ನಟ್ಟನಡುವೆ ಅಂತೂ ಅಲ್ಲ. ಅಂಚು ಹುಡುಕಿ.

ಅಘನಾಶಿನಿಯ ದಡದಲ್ಲಿ ಗಜನಿಗಳಿವೆ, ಅಂದರೆ ಉಪ್ಪು ನೀರು ಬರುವ ತಗ್ಗು ಗದ್ದೆಗಳು. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಹೊಳೆಗೂ ಗಜನಿಗೂ ನಡುವಿನ ಕಟ್ಟೆಯಲ್ಲಿ ನೀರು ಬಿಡುವ ಜಂತ್ರಡಿ ಇರುತ್ತದೆ. ಇಳಿತದಲ್ಲಿ ಅಲ್ಲಿಂದ ನೀರು ನುಗ್ಗಿ ಬರುವಾಗ ಅದರ ಜೊತೆ ಸಣ್ಣ ಸಿಗಡಿ, ಮರಿ ಮೀನು ಕೊಚ್ಚಿಕೊಂಡು ಬರುತ್ತವೆ. ಕುರುಡೆ ಆ ಓಟದ ಒಳಗೆ ನಿಲ್ಲುವುದಿಲ್ಲ, ಸುಸ್ತಾಗುತ್ತದಲ್ವಾ? ಓಡುವ ನೀರು, ನಿಂತ ನೀರು ಕೂಡುವ ಗೆರೆಯ ಈಚೆ, ನಿಂತ ನೀರಿನ ಬದಿಯಲ್ಲಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಆ ಗೆರೆ ಕಣ್ಣಿಗೆ ಕಾಣುತ್ತದೆ. ಒಂದು ಬದಿ ಸುಕ್ಕು ಸುಕ್ಕು, ಇನ್ನೊಂದು ಬದಿ ನುಣುಪು, ನಡುವೆ ನೊರೆ, ಒಣಗಿದ ಕಾಂಡ್ಲದ (ಮ್ಯಾಂಗ್ರೋವ್ ಗಿಡದ) ಎಲೆಗಳು ಸಾಲಾಗಿ ತೇಲುತ್ತಿರುತ್ತವೆ. ಗಾಳ ಹಾದುಹೋಗಬೇಕಾದ್ದು ಆ ಎಲೆಗಳ ಸಾಲಿನ ಗುಂಟ.

ಕಾಂಡ್ಲದ ಬೇರಿನ ಅಂಚು, ಚಿಕ್ಕ ಕೋಡಿಗಳು ಹೊಳೆಗೆ ಸೇರುವ ಬಾಯಿ, ಸೇತುವೆಯ ಕಂಬಗಳ ಹಿಂದಿನ ಸುಳಿ, ಇವೂ ಒಳ್ಳೆಯ ಜಾಗಗಳೇ. ಕಂಬದ ಹತ್ತಿರ ಕೆಂಬೇರಿ ಅನ್ನುವ ಮೀನು ಸಿಗಬಹುದು. ಅದು ಕಚ್ಚಿದ ಕೂಡಲೇ ಕಲ್ಲಿನೊಳಗೆ ನುಗ್ಗುತ್ತದೆ, ದಾರ ಕತ್ತರಿಸುವುದರಲ್ಲಿ ಎತ್ತಿದ ಕೈ.

ಗಜನಿಯ ನೀರಲ್ಲಿ ಬೆಳೆದದ್ದು ಗಜನಿಯವರದ್ದು. ಜಂತ್ರಡಿಯಲ್ಲಿ ಅವರು ಬಲೆ ಕಟ್ಟಿದ್ದರೆ ಅದರ ಹತ್ತಿರ ಹೋಗಬೇಡಿ. ನೀರು ಇಳಿದಾಗ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಸೊಂಟದ ನೀರಲ್ಲಿ ಇರುತ್ತಾರೆ, ಅವರ ಸುತ್ತ ಮೂರು ಕೊಕ್ಕೆಯ ಗಾಳ ಎಳೆಯುವುದು ಅಪಾಯ. ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದೆ. ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ಇದು ಅಂಬಿಗರ, ಹರಿಕಂತ್ರರ, ಹಾಲಕ್ಕಿಯವರ ಅನ್ನದ ಹೊಳೆ. ಹವ್ಯಾಸಕ್ಕೆ ಹೋಗುವ ನಾವು ಬದಿಗೆ ಸರಿದು ದಾರಿ ಬಿಡಬೇಕು.

ದೋಣಿ ಮತ್ತು ಸಾಮಾನು

ಕಿರಿದಾದ ಪಾತಿ ದೋಣಿ ನೋಡಲು ಚಂದ, ಅಂಬಿಗರ ಕೈಯಲ್ಲಿ ಬಾಣದ ಹಾಗೆ ಹೋಗುತ್ತದೆ, ಆದರೆ ಹೊಸಬರಿಗೆ ಹೇಳಿ ಮಾಡಿಸಿದ್ದಲ್ಲ. ತುಸು ಅಗಲ ತಳದ ಫೈಬರ್ ದೋಣಿ ಸಾಕು, ಜೊತೆಗೆ ಹೊಳೆ ಗೊತ್ತಿರುವ ಒಬ್ಬರು. ಅವರಿಗೆ ದಿನದ ಕೂಲಿ ಸರಿಯಾಗಿ ಕೊಡಿ. ಒಬ್ಬರು ಹುಟ್ಟು ಹಾಕಬೇಕು, ಒಬ್ಬರು ಗಾಳ ನೋಡಬೇಕು. ಲೈಫ್ ಜಾಕೆಟ್ ಹಾಕಿಕೊಂಡೇ ಕೂರಿ, ಕಾಲಡಿ ಇಟ್ಟುಕೊಂಡರೆ ಉಪಯೋಗ ಇಲ್ಲ. ಎದ್ದು ನಿಲ್ಲಬೇಡಿ. ಲಂಗರು, ದೋಣಿ ತಳ್ಳುವ ಜಲ್ಲೆ, ಗೋರುವ ಬಲೆ, ಉದ್ದ ಮೂಗಿನ ಇಕ್ಕಳ, ಕುಡಿಯುವ ನೀರು, ಇವಿಷ್ಟು ಮರೆಯುವ ಹಾಗಿಲ್ಲ.

ಆರೂವರೆಯಿಂದ ಏಳು ಅಡಿಯ ರಾಡ್, 4000 ಅಳತೆಯ ರೀಲ್, 20ರಿಂದ 30 ಪೌಂಡಿನ ಹೆಣೆದ ದಾರ. ಅದರ ತುದಿಗೆ ಒಂದು ಮಾರಿನಷ್ಟು 40 ಅಥವಾ 50 ಪೌಂಡಿನ ದಪ್ಪ ತಂಗೂಸು (ನೈಲಾನ್ ದಾರ) ಕಟ್ಟಲೇಬೇಕು. ಕುರುಡೆಯ ಕಿವಿರಿನ ಮುಚ್ಚಳದ ಅಂಚು ಬ್ಲೇಡು. ಮೀನು ತಲೆ ಒದರಿದಾಗ ಹೆಣೆದ ದಾರ ಅದಕ್ಕೆ ತಾಗಿದರೆ ಕಥೆ ಮುಗಿಯಿತು.

ಗಾಳಕ್ಕೆ ಪ್ಲಾಸ್ಟಿಕ್ ಅಥವಾ ಮರದ ಮೀನು, 9ರಿಂದ 12 ಸೆಂಟಿಮೀಟರ್, ಒಂದೂವರೆ ಎರಡು ಮೀಟರ್ ಮುಳುಗುವಂಥದ್ದು. ಅಂಗಡಿಯಲ್ಲಿ ರಾಪಾಲಾ ಅಂತ ಕೇಳಿದರೆ ಯಾವ ಕಂಪನಿಯದ್ದಾದರೂ ಕೊಡುತ್ತಾರೆ, ಅಷ್ಟು ಹೆಸರು ಅದಕ್ಕೆ. ಅದರ ಹುಟ್ಟೂ ಸರೋವರದ ಸಣ್ಣ ದೋಣಿಯಲ್ಲೇ ಆದದ್ದು. ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲಾ ದೋಣಿ ಹುಟ್ಟು ಹಾಕುತ್ತಾ ಒಂದು ವಿಷಯ ಗಮನಿಸಿದ. ಮರಿ ಮೀನುಗಳ ಗುಂಪಿಗೆ ದೊಡ್ಡ ಮೀನು ನುಗ್ಗಿದಾಗ ಅದು ಹಿಡಿಯುವುದು ಸರಿಯಾಗಿ ಈಜಲಾಗದೆ ಓಲಾಡುವ ಒಂದನ್ನು. 1936ರಲ್ಲಿ ಅವನು ಬೆಂಡನ್ನು ಕೆತ್ತಿ, ಚಾಕೊಲೇಟ್ ಸುತ್ತಿದ ಬೆಳ್ಳಿ ಕಾಗದ ಅಂಟಿಸಿ, ಹಾಗೆಯೇ ಓಲಾಡುವ ಮೀನು ಮಾಡಿದ. ನೋಡಿ, ಟ್ರೌಟ್‌ಗೆ ಹೂಡಿದ ಆ ಉಪಾಯ ನಮ್ಮ ಕುರುಡೆಗೂ ನಡೆಯುತ್ತದೆ. ಹಸಿದ ಮೀನಿನ ಬುದ್ಧಿ ಎರಡೂ ಕಡೆ ಒಂದೇ.

ಆ ಓಲಾಟ ಬರಬೇಕಾದರೆ ಗಾಳದ ಮೂಗಿಗೆ ಗಂಟನ್ನು ಬಿಗಿದು ಕಟ್ಟಬಾರದು. ಸಣ್ಣ ಕುಣಿಕೆ ಬಿಟ್ಟು ಕಟ್ಟಿ, ಗಾಳ ಅದರೊಳಗೆ ಆಡುವಂತಿರಲಿ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣ ತಂಗೂಸು ಉಜ್ಜಿದ ಬಿಸಿಗೆ ಸೋಲುತ್ತದೆ. ಕೊಕ್ಕೆಗಳ ತುದಿಯ ಬಳಿ ಇರುವ ಹಿಮ್ಮುಖ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಡಚಿಬಿಡಿ. ಮೀನಿಗೂ ಒಳ್ಳೆಯದು, ನಿಮ್ಮ ಬೆರಳಿಗೂ.

ಜೀವ ಇರುವ ಸಿಗಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಇರೆ ಇಲ್ಲ. ಸಿಗಡಿಯ ತಲೆಯನ್ನು ಬೆಳಕಿಗೆ ಹಿಡಿದರೆ ಕೋಡಿನ ಕೆಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದಕ್ಕೆ ತಾಗದ ಹಾಗೆ ಕೋಡಿನ ಬುಡದ ಗಟ್ಟಿ ಚಿಪ್ಪಿಗೆ ಮಾತ್ರ ಗಾಳ ಚುಚ್ಚಿ, ಬಹಳ ಹೊತ್ತು ಜೀವಂತ ಈಜುತ್ತದೆ. ಚುಕ್ಕೆಗೆ ಚುಚ್ಚಿದರೆ ಆ ಕ್ಷಣವೇ ಸತ್ತಿತು. ಆದರೆ ಸಿಗಡಿ ಹಾಕಿದಾಗ ಎಳೆಯುವುದು ಬೇಡ, ಲಂಗರು ಹಾಕಿ ನೀರಿನ ಓಟಕ್ಕೆ ಬಿಡಿ.

ಈಗ ಎಳೆಯಿರಿ

ಎಂಜಿನ್ ಇದ್ದರೆ ಜಾಗ ಬರುವ ಮೊದಲೇ ಬಂದ್ ಮಾಡಿ. ಈ ಕಡಿಮೆ ನೀರಿನಲ್ಲಿ ಸದ್ದು ತಳದವರೆಗೆ ಹೋಗುತ್ತದೆ. ಗಾಳವನ್ನು ಮೊದಲು ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟು ನೋಡಿ. ಎಡಕ್ಕೆ ಬಲಕ್ಕೆ ಸಮ ಓಲಾಡಬೇಕು, ರಾಡಿನ ತುದಿಯಲ್ಲಿ ಸಣ್ಣಗೆ ಗುದ್ದು ಗುದ್ದು ಅನ್ನಿಸಬೇಕು. ಒಂದೇ ಬದಿಗೆ ಮಗುಚಿದರೆ ಮೂಗಿನ ತಂತಿಯನ್ನು ಇಕ್ಕಳದಿಂದ ಆಚೆ ಬದಿಗೆ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ನೋಡಿ. ಇದು ಸರಿಯಾಗದೆ ಎಳೆದರೆ ದಿನವಿಡೀ ವ್ಯರ್ಥ.

ಆಮೇಲೆ 20ರಿಂದ 25 ಮೀಟರ್ ದಾರ ಬಿಡಿ. ವೇಗ ಆರಾಮಾಗಿ ನಡೆಯುವಷ್ಟು, ಗಂಟೆಗೆ 3ರಿಂದ 4 ಕಿಲೋಮೀಟರ್. ನೀರಿನ ಓಟಕ್ಕೆ ಎದುರಾಗಿ ಹೋಗುವುದು ಉತ್ತಮ, ದೋಣಿ ನಿಧಾನ ಆದರೂ ಗಾಳ ಚೆನ್ನಾಗಿ ಆಡುತ್ತದೆ. ನೀರಿನ ಜೊತೆಗೇ ಹೋದರೆ ಗಾಳ ಸತ್ತ ಹಾಗೆ ತೇಲುತ್ತದೆ. ನೇರ ಹೋಗಬೇಡಿ, ಹಾವಿನ ನಡೆಯಲ್ಲಿ ಹೋಗಿ. ಎರಡು ಬದಿಗೂ ಒಂದೊಂದು ಗಾಳ ಬಿಟ್ಟಿದ್ದರೆ, ದೋಣಿ ತಿರುಗಿದಾಗ ಹೊರಬದಿಯ ಗಾಳ ಜೋರಾಗುತ್ತದೆ, ಒಳಬದಿಯದ್ದು ನಿಧಾನವಾಗಿ ಮೇಲೇಳುತ್ತದೆ. ಹಿಂದೆಯೇ ಬರುತ್ತಿದ್ದ ಮೀನು ಎಷ್ಟೋ ಸಲ ಬಾಯಿ ಹಾಕುವುದು ಈ ತಿರುವಿನಲ್ಲಿ. ಯಾವ ಬದಿಯದ್ದಕ್ಕೆ ಬಿತ್ತು ಅಂತ ನೆನಪಿಟ್ಟುಕೊಂಡರೆ, ಅವತ್ತು ವೇಗ ಹೆಚ್ಚು ಬೇಕಾ ಕಡಿಮೆ ಬೇಕಾ ಅನ್ನುವುದಕ್ಕೆ ಅದೇ ಉತ್ತರ.

ಗಾಳ ತಳಕ್ಕೆ ತಾಗುತ್ತಿದ್ದರೆ ದಾರ ಸ್ವಲ್ಪ ಸುತ್ತಿಕೊಳ್ಳಿ. ಒಂದೇ ಗೆರೆಯಲ್ಲಿ ಮೂರು ನಾಲ್ಕು ಸಲ ಎಳೆದರೂ ಏನೂ ಇಲ್ಲದಿದ್ದರೆ ಜಾಗ ಬಿಡಿ.

ಬಿತ್ತು!

ಕುರುಡೆಯ ಹೊಡೆತ ಜೋರು. ಅದು ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ದೋಣಿ ಮುಂದೆ ಹೋಗುತ್ತಿರುವುದರಿಂದ ಕೊಕ್ಕೆ ತಾನಾಗಿಯೇ ಕೂತಿರುತ್ತದೆ, ರಾಡ್ ಜಗ್ಗಬೇಡಿ. ರೀಲಿನ ಬ್ರೇಕನ್ನು ಎರಡರಿಂದ ಮೂರು ಕಿಲೋ ಎಳೆತಕ್ಕೆ ಬಿಡುವಂತೆ ಮೊದಲೇ ಇಟ್ಟಿರಬೇಕು. ಮೀನು ನೀರಿನಿಂದ ಮೇಲೆ ಹಾರಿ ತಲೆ ಒದರುತ್ತದೆ. ದಾರ ಮೇಲೇಳುವುದು ಕಂಡ ಕೂಡಲೇ ರಾಡಿನ ತುದಿಯನ್ನು ನೀರಿನ ಹತ್ತಿರಕ್ಕೆ ಇಳಿಸಿ, ದಾರ ಸಡಿಲ ಮಾತ್ರ ಬಿಡಬೇಡಿ. ಹುಟ್ಟು ಹಾಕುವವರು ದೋಣಿಯನ್ನು ಬೇರುಗಳಿಂದ ಆಚೆ, ತೆರೆದ ನೀರಿಗೆ ತೆಗೆದುಕೊಂಡು ಹೋಗಬೇಕು. ಇಲ್ಲಿ ಗೆಲ್ಲಿಸುವುದು ಹುಟ್ಟಿನವರೇ.

ಸುಸ್ತಾದ ಮೇಲೆ ತಲೆಯ ಕಡೆಯಿಂದ ಬಲೆಗೆ ತೆಗೆದುಕೊಳ್ಳಿ. ಕಿವಿರಿಗೆ ಕೈ ಹಾಕಬೇಡಿ, ಬೆರಳು ಸೀಳುತ್ತದೆ. ಇಕ್ಕಳದಿಂದ ಕೊಕ್ಕೆ ಬಿಡಿಸಿ.

ಈಗ ಒಂದು ಮಾತು ನಾನು ಒತ್ತಿ ಹೇಳಬೇಕು. ಕುರುಡೆ ಮೊದಲು ಗಂಡು, ಕೆಲವು ವರ್ಷ ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆ ಇಡಲು ಅದು ಅಳಿವೆಯ ಬಾಯಿಯ ಉಪ್ಪು ನೀರಿಗೇ ಬರುತ್ತದೆ. ನೀವು ಹಿಡಿದ ಅತಿ ದೊಡ್ಡ ಮೀನು ಬಹುತೇಕ ತಾಯಿ ಮೀನು. ಹಾಗಾಗಿ ಊಟಕ್ಕೆ ಒಂದೂವರೆ ಎರಡು ಕಿಲೋದ್ದು ಒಂದು ಇಟ್ಟುಕೊಳ್ಳಿ, ದೊಡ್ಡದನ್ನು ಬಿಟ್ಟುಬಿಡಿ. ಅಂಗೈಯಷ್ಟು ಮರಿಯನ್ನೂ ಬಿಡಿ. ಬಿಡುವ ಮೀನನ್ನು ದೋಣಿಯೊಳಗೆ ಹಾಕದೆ, ಒದ್ದೆ ಕೈಯಲ್ಲಿ ಹೊಟ್ಟೆಯಡಿ ಹಿಡಿದು, ಓಡುವ ನೀರಿಗೆ ಮುಖ ಮಾಡಿ ನಿಲ್ಲಿಸಿ. ಬಾಲ ಬಲವಾಗಿ ಬೀಸುವವರೆಗೆ ಕೈ ತೆಗೆಯಬೇಡಿ. ಫೋಟೊ ಬೇಕಾದರೆ ನೀರಿನಲ್ಲೇ ತೆಗೆಯಿರಿ.

ಇಟ್ಟುಕೊಂಡದ್ದನ್ನು ಕೂಡಲೇ ಕೊಂದು, ರಕ್ತ ಬಸಿದು, ನೀರು ಬೆರೆಸಿದ ಐಸಿನಲ್ಲಿ ಮುಳುಗಿಸಿ. ಬಿಸಿಲಿಗೆ ಬಿದ್ದ ಮೀನಿನ ರುಚಿ ಸಾರಿನಲ್ಲೇ ಗೊತ್ತಾಗುತ್ತದೆ.

ಹೊರಡುವ ಹೊತ್ತು

ಇಳಿತದ ಕೊನೆಯ ಗಂಟೆಗೆ ಮೊದಲೇ ಹೊರಡಿ. ಬರುವಾಗ ಸಲೀಸಾಗಿ ದಾಟಿದ ಜಾಗದಲ್ಲಿ ಈಗ ಕೆಸರಿನ ದಿಬ್ಬ ಇರುತ್ತದೆ. ದೋಣಿ ಕೂತರೆ ಇಳಿದು ತಳ್ಳಲು ಹೋಗಬೇಡಿ, ತೊಡೆಯವರೆಗೆ ಹೂಳುತ್ತದೆ, ಕೆಳಗೆ ಚಿಪ್ಪುಗಳ ಅಂಚು ಕಾಲು ಕೊಯ್ಯುತ್ತದೆ. ಜಲ್ಲೆಯಿಂದ ಒತ್ತಿ ನೋಡಿ, ಆಗದಿದ್ದರೆ ನೀರು ಏರುವವರೆಗೆ ಕಾಯಿರಿ. ಮಧ್ಯಾಹ್ನವಾದರೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ಇಳಿಯುವ ನೀರಿಗೆ ಆ ಗಾಳಿ ಎದುರಾದರೆ ಅಳಿವೆಯ ಬಾಯಲ್ಲಿ ಮೊನಚು ಅಲೆ ಎದ್ದು ಸಣ್ಣ ದೋಣಿಗೆ ನೀರು ತುಂಬುತ್ತದೆ, ಆ ಕಡೆ ಹೋಗಲೇಬಾರದು.

ಮನೆಗೆ ಬಂದು ರೀಲ್, ಗಾಳ, ಇಕ್ಕಳ ಎಲ್ಲವನ್ನೂ ಸಿಹಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತಂಗೂಸಿನ ಕೊನೆಯ ಒಂದು ಗೇಣನ್ನು ಬೆರಳ ನಡುವೆ ಎಳೆದು ನೋಡಿ. ಒರಟು ತಾಗಿದರೆ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಿಡಿ, ಮುಂದಿನ ಪಂಚಮಿಗೆ ಬೇಕಾಗುತ್ತದೆ.