ಗ್ಯಾಸ್ ಲೆಕ್ಕ ತಪ್ಪೋದು ಎಲ್ಲಿ?
ಪಿಯುಸಿ ಮಕ್ಕಳಿರೋರು ಸ್ವಲ್ಪ ನೋಡಿ. ಮಂಡ್ಯದಲ್ಲಿ ನಮ್ಮನೆಗೆ ಪಾಠಕ್ಕೆ ಬರೋ ಹುಡುಗ್ರು ಅನಿಲ ನಿಯಮಗಳನ್ನ ಗಿಳಿಪಾಠ ಒಪ್ಪಿಸ್ತಾರೆ, ಲೆಕ್ಕ ಮಾತ್ರ ತಪ್ಪು. ಸೆಲ್ಸಿಯಸ್‌ನ ಹಾಗೇ ಹಾಕ್ಬಿಡ್ತಾರೆ! 273 ಕೂಡಿಸಿ ಕೆಲ್ವಿನ್ ಮಾಡ್ಕೊಬೇಕು.

ಕಾರಿನ ಟೈರ್ ತಗೊಳ್ಳಿ. ಬೆಳಿಗ್ಗೆ ಒಳಗಿನ ಗಾಳಿ 27 ಡಿಗ್ರಿ, ಮಧ್ಯಾಹ್ನ ಮೈಸೂರು ಮುಟ್ಟೋ ಹೊತ್ತಿಗೆ 57 ಅನ್ಕೊಳ್ಳಿ. ಒತ್ತಡ ಡಬಲ್ ಆಗಲ್ಲ (ಆಗಿದ್ರೆ ಟೈರ್ ಢಮಾರ್). ಒತ್ತಡ ಏರೋದು ಕೆಲ್ವಿನ್ ಲೆಕ್ಕದಲ್ಲಿ: 300ರಿಂದ 330 ಕೆಲ್ವಿನ್, ಅಂದ್ರೆ ನೂರಕ್ಕೆ 10 ಜಾಸ್ತಿ ಅಷ್ಟೇ. ಗಾಳಿ ಅಂಗಡಿ ಮೀಟರ್ ವಾತಾವರಣದ ಒತ್ತಡ ಬಿಟ್ಟು ತೋರಿಸುತ್ತೆ. ಅದಕ್ಕೇ ಬೆಳಿಗ್ಗೆ ಮೀಟರ್ 30 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದ್ರೆ ಅದಕ್ಕೆ ಸುಮಾರು 15 ಸೇರಿಸಿ. 45 ಹೋಗಿ 49.5 ಆಗುತ್ತೆ, ಮೀಟರಲ್ಲಿ 34.5.

ಇನ್ನು PV = nRT ಸೂತ್ರದಲ್ಲಿರೋ ಆರ್ (ಅನಿಲ ಸ್ಥಿರಾಂಕ) ಬೆಲೆ: ಲೀಟರ್, ಅಟ್ಮಾಸ್ಫಿಯರ್ ಕೊಟ್ಟಿದ್ರೆ 0.0821, ಪ್ಯಾಸ್ಕಲ್, ಘನ ಮೀಟರ್ ಇದ್ರೆ 8.314.