ಸ್ಲೀವ್, ಬೈಪಾಸ್, ಮಿನಿ ಬೈಪಾಸ್: ತೂಕ ಇಳಿಸುವ ಆಪರೇಷನ್ನಿನಲ್ಲಿ ಯಾವುದು ಯಾರಿಗೆ?

ಎದೆಯುರಿ ಇದೆಯೇ, ಇಲ್ಲವೇ? ತೂಕ ಇಳಿಸುವ ಆಪರೇಷನ್ನಿಗೆ ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನು. ಎಷ್ಟು ಕೆಜಿ ಇಳಿಯುತ್ತದೆ ಅನ್ನುವುದು ಆಮೇಲಿನ ಮಾತು. ಸ್ಲೀವ್, ಬೈಪಾಸ್, ಮಿನಿ ಬೈಪಾಸ್ ಮೂರರಲ್ಲೂ ಒಂದೆರಡು ವರ್ಷದಲ್ಲಿ ಒಟ್ಟು ತೂಕದ ಕಾಲುಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಇಳಿಯುತ್ತದೆ. 110 ಕೆಜಿ ಇದ್ದವರು 80ರ ಆಸುಪಾಸಿಗೆ ಬರುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಯಾವ ತೊಂದರೆ ಉಳಿಯುತ್ತದೆ ಎಂಬುದರಲ್ಲಿ ಮಾತ್ರ ಮೂರೂ ಬೇರೆ ಬೇರೆ. ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈಗಾಗಲೇ ನಿಮ್ಮ ಮೈಯಲ್ಲಿರುವ ಕಾಯಿಲೆ, ನುಂಗುತ್ತಿರುವ ಮಾತ್ರೆ ಮತ್ತು ನಿಮ್ಮ ಅಭ್ಯಾಸಗಳು.

ಲೈಪೊಸಕ್ಷನ್ ಈ ಪಟ್ಟಿಗೆ ಸೇರುವುದಿಲ್ಲ. ಅದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ. ಸಕ್ಕರೆ ಕಾಯಿಲೆಗೂ ಗೊರಕೆಗೂ ಅದರಿಂದ ಪ್ರಯೋಜನವಿಲ್ಲ.

ನಿಮಗೆ ಆಪರೇಷನ್ ಬೇಕೇ?

ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು, ಎತ್ತರದ (ಮೀಟರ್‌ನಲ್ಲಿ) ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 110 ಕೆಜಿ, 165 ಸೆಂ.ಮೀ. ಇದ್ದವರದು 40.4. ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರವೈದ್ಯರ ಸಂಘಗಳು 2022ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ಆಪರೇಷನ್ ಸೂಚಿಸಬಹುದು. 30ರಿಂದ 35ರೊಳಗಿದ್ದು ಸಕ್ಕರೆ ಕಾಯಿಲೆಯಂಥದ್ದು ಇದ್ದರೆ ಯೋಚಿಸಬಹುದು. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ ಈ ಗಡಿಯನ್ನು 27.5ರವರೆಗೂ ಇಳಿಸಿದ್ದಾರೆ.

ವಿಮೆಯವರ ಗಡಿ ಇದಕ್ಕಿಂತ ಬಿಗಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸಂಸ್ಥೆಯ ನಿಯಮದಂತೆ ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು ಜೊತೆಗೆ ಹೃದಯದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವುದು) ಅಥವಾ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರಬೇಕು; ಉಳಿದ ಪ್ರಯತ್ನಗಳು ಫಲಿಸದೆ ಹೋಗಿರಬೇಕು; ವಯಸ್ಸು 18 ತುಂಬಿರಬೇಕು. ಹೀಗಾಗಿ ವೈದ್ಯರು ‘ಮಾಡಿಸಿಕೊಳ್ಳಿ’ ಎಂದರೂ ವಿಮೆ ಸಿಗದವರು ಅನೇಕರಿದ್ದಾರೆ. ಪಾಲಿಸಿಯ ಕಾಯುವ ಅವಧಿ ಎಷ್ಟೆಂದು ಮೊದಲೇ ಓದಿಕೊಳ್ಳಿ, ಡಯಟ್ ಮತ್ತು ಔಷಧಿ ಪ್ರಯತ್ನಿಸಿದ ಚೀಟಿಗಳನ್ನು ಎಸೆಯಬೇಡಿ. ಎತ್ತರ ಅಳೆಯುವಾಗ ಚಪ್ಪಲಿ ಬಿಡಿ. ಮೇಲೆ ಹೇಳಿದ ವ್ಯಕ್ತಿಯನ್ನೇ 167 ಸೆಂ.ಮೀ. ಎಂದು ಬರೆದುಬಿಟ್ಟರೆ ಬಿಎಂಐ 39.4ಕ್ಕೆ ಇಳಿದು ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ.

ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಬಂದ ಮೇಲೆ ಬಿಎಂಐ 30ರ ಆಸುಪಾಸಿನವರು ಮೊದಲು ಅದನ್ನೇ ನೋಡುವುದು ತಪ್ಪಲ್ಲ. ನಿಲ್ಲಿಸಿದರೆ ತೂಕದ ಬಹುಪಾಲು ಮರಳುತ್ತದೆ ಎಂಬುದು ಗೊತ್ತಿರಲಿ. ಆ ಚುಚ್ಚುಮದ್ದು ನಡೆಯುತ್ತಿರುವಾಗಲೇ ಆಪರೇಷನ್ ಗೊತ್ತಾದರೆ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು.

ಸ್ಲೀವ್

ಜಠರದ ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ಹೊರತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ಬಾಯಿಂದ 36ರಿಂದ 40 ಫ್ರೆಂಚ್ ದಪ್ಪದ (ಸುಮಾರು 12-13 ಮಿ.ಮೀ.) ನಳಿಕೆ ಇಳಿಸಿ, ಅದನ್ನೇ ಅಚ್ಚಾಗಿಟ್ಟುಕೊಂಡು, ಜಠರದ ಕೆಳಬಾಯಿಗೆ 4ರಿಂದ 6 ಸೆಂ.ಮೀ. ದೂರದಿಂದ ಶುರುಮಾಡಿ ಮೇಲಕ್ಕೆ ಸ್ಟೇಪ್ಲರ್ ಹಾಕುತ್ತಾ ಹೋಗುತ್ತಾರೆ. ಉಳಿಯುವ ಜಾಗ 100ರಿಂದ 150 ಮಿ.ಲೀ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಭಾಗದಲ್ಲೇ. ಹಾಗಾಗಿ ಮೊದಲ ಕೆಲವು ತಿಂಗಳು ಹಸಿವೇ ತಿಳಿಯುವುದಿಲ್ಲ.

ಕರುಳನ್ನು ಮುಟ್ಟದಿರುವುದು ಇದರ ದೊಡ್ಡ ಅನುಕೂಲ. ಮಾತ್ರೆಗಳನ್ನು ಮೈ ಎಂದಿನಂತೆ ಹೀರಿಕೊಳ್ಳುತ್ತದೆ, ಪೋಷಕಾಂಶದ ಕೊರತೆ ಬೈಪಾಸ್‌ಗಿಂತ ಕಡಿಮೆ, ಮುಂದೆ ಎಂಡೋಸ್ಕೋಪಿ ಮಾಡುವುದೂ ಸುಲಭ. ಅಂಗಾಂಗ ಕಸಿ ಮಾಡಿಸಿಕೊಂಡು ಜೀವನವಿಡೀ ಮಾತ್ರೆ ನುಂಗುವವರಿಗೆ, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವವರಿಗೆ, ಮಂಡಿನೋವಿಗೆ ನೋವಿನ ಮಾತ್ರೆ ಬಿಡಲಾಗದವರಿಗೆ ಸ್ಲೀವ್ ಕಡೆಗೇ ವಾಲುವುದು ಇದೇ ಕಾರಣಕ್ಕೆ.

ಇದರ ದೌರ್ಬಲ್ಯ ಹುಳಿತೇಗು, ಎದೆಯುರಿ. ಅಗಲವಾಗಿದ್ದ ಚೀಲ ಕಿರಿದಾದ ಕೊಳವೆಯಾದಾಗ ಒಳಗಿನ ಒತ್ತಡ ಏರುತ್ತದೆ, ಆಮ್ಲ ಅನ್ನನಾಳಕ್ಕೆ ನುಗ್ಗುತ್ತದೆ. ಫಿನ್ಲೆಂಡಿನ ಸ್ಲೀವ್‌ಪಾಸ್ ಅಧ್ಯಯನದಲ್ಲಿ ಹತ್ತು ವರ್ಷದ ನಂತರ ಎಂಡೋಸ್ಕೋಪಿ ಮಾಡಿ ನೋಡಿದಾಗ ಸ್ಲೀವ್ ಆದವರಲ್ಲಿ ಶೇ. 31ರಷ್ಟು ಮಂದಿಗೆ ಅನ್ನನಾಳದ ಉರಿಯೂತವಿತ್ತು, ಬೈಪಾಸ್ ಆದವರಲ್ಲಿ ಶೇ. 7. ಮಾತ್ರೆಗೆ ಬಗ್ಗದಿದ್ದರೆ ಸ್ಲೀವನ್ನು ಬೈಪಾಸ್‌ಗೆ ಬದಲಿಸುವ ಎರಡನೆಯ ಆಪರೇಷನ್ನೇ ದಾರಿ. ತೆಗೆದ ಜಠರವನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಇನ್ನೊಂದು ತೊಂದರೆ ಸೋರಿಕೆ. ಹೊಲಿಗೆಯ ಮೇಲ್ತುದಿಯಲ್ಲಿ, ಅನ್ನನಾಳ ಜಠರಕ್ಕೆ ಸೇರುವಲ್ಲಿ, ನೂರಕ್ಕೆ ಒಬ್ಬರಿಬ್ಬರಿಗೆ ಆಗುತ್ತದೆ. ಒತ್ತಡ ಹೆಚ್ಚಿರುವುದರಿಂದ ಆ ರಂಧ್ರ ಬೇಗ ಮಾಯುವುದಿಲ್ಲ, ವಾರಗಟ್ಟಲೆ ಆಸ್ಪತ್ರೆವಾಸವಾಗಬಹುದು.

ಬೈಪಾಸ್

ಪೂರ್ತಿ ಹೆಸರು ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ತುದಿಯಲ್ಲಿ 30 ಮಿ.ಲೀ.ನಷ್ಟು ಪುಟ್ಟ ಚೀಲ ಮಾಡಿ ಉಳಿದ ಜಠರವನ್ನು ಒಳಗೇ ಬಿಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ ಕೆಳಗಿನ ತುದಿಯನ್ನು ಈ ಚೀಲಕ್ಕೂ, ಪಿತ್ತರಸ ತರುವ ತುದಿಯನ್ನು 100ರಿಂದ 150 ಸೆಂ.ಮೀ. ಕೆಳಗೂ ಜೋಡಿಸುತ್ತಾರೆ. ಆಮ್ಲ ಮತ್ತು ಪಿತ್ತ ಅನ್ನನಾಳದಿಂದ ದೂರವಾಗುವುದರಿಂದ ಹುಳಿತೇಗಿಗೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ.

ಸಕ್ಕರೆ ಕಾಯಿಲೆಗೂ ಬೈಪಾಸ್ ಒಂದು ಕೈ ಮೇಲು, ಆದರೆ ಅಂತರ ಜಾಹೀರಾತಿನಲ್ಲಿ ಹೇಳುವಷ್ಟು ದೊಡ್ಡದಲ್ಲ. ಅಮೆರಿಕದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ ಐದು ವರ್ಷದ ನಂತರ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಶೇ. 6 ಅಥವಾ ಅದಕ್ಕಿಂತ ಕಡಿಮೆ ಉಳಿಸಿಕೊಂಡವರು ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಬರೀ ಔಷಧಿಯಲ್ಲಿ ಶೇ. 5. ‘ಶುಗರ್ ಶಾಶ್ವತ ಗುಣ’ ಎನ್ನುವವರ ಮುಂದೆ ಈ ಅಂಕಿಗಳನ್ನಿಡಿ. ಕಾಯಿಲೆ ಬಂದು ಕೆಲವೇ ವರ್ಷವಾಗಿದ್ದು, ಇನ್ಸುಲಿನ್ ಶುರುವಾಗಿರದಿದ್ದು, ಸಿ-ಪೆಪ್ಟೈಡ್ ಪರೀಕ್ಷೆಯಲ್ಲಿ ಮೇದೋಜೀರಕ ಗ್ರಂಥಿ ಇನ್ನೂ ಕೆಲಸ ಮಾಡುತ್ತಿದೆ ಎಂದು ಕಂಡರೆ ಫಲ ಹೆಚ್ಚು. ಹದಿನೈದು ವರ್ಷ ಇನ್ಸುಲಿನ್ ಚುಚ್ಚಿಕೊಂಡವರಿಗೆ ಡೋಸ್ ತಗ್ಗುತ್ತದೆ, ಕಾಯಿಲೆ ಹೋಗುವುದು ಅಪರೂಪ.

ಬೀಡಿ, ಸಿಗರೇಟು ಬಿಡಲಾಗದವರು ಬೈಪಾಸ್‌ಗೆ ಕೈಹಾಕಬಾರದು. ಚೀಲ ಮತ್ತು ಕರುಳು ಸೇರುವ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳದ್ದೂ ಅದೇ ಕಥೆ. ಮೆಡಿಕಲ್ ಶಾಪಿನಲ್ಲಿ ತಲೆನೋವಿಗೆ ಕೇಳಿದಾಗ ಕೊಡುವ ಮಾತ್ರೆಯಲ್ಲಿ ಏನಿದೆಯೆಂದು ಓದಿ ನುಂಗುವ ಅಭ್ಯಾಸ ಬೇಕು, ಪ್ಯಾರಸಿಟಮಾಲ್ ಆಗಬಹುದು.

ಸಿಹಿ ತಿಂದರೆ ಡಂಪಿಂಗ್, ಅಂದರೆ ತಿಂದದ್ದು ಸರ್ರನೆ ಕರುಳಿಗೆ ನುಗ್ಗುವುದು. ಮದುವೆ ಮನೆಯಲ್ಲಿ ಎರಡು ಜಿಲೇಬಿ ತಿಂದು ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಭೇದಿ. ಇದು ಸಿಹಿಗೆ ಕಡಿವಾಣವೆಂದು ಕೆಲವರಿಗೆ ಒಳ್ಳೆಯದೇ ಆಗುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ ತೆಗೆಯುವುದು ಬೈಪಾಸ್ ಆದವರಲ್ಲಿ ಬಹಳ ಕಷ್ಟ ಎಂಬುದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ಮಿನಿ ಬೈಪಾಸ್

ಹೆಸರು ಮಿನಿ, ಪರಿಣಾಮ ಮಿನಿಯಲ್ಲ. 1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಜ್ ಶುರುಮಾಡಿದ ಈ ವಿಧಾನದಲ್ಲಿ ಉದ್ದನೆಯ ಜಠರದ ಕೊಳವೆಗೆ ಕರುಳನ್ನು ಒಂದೇ ಕಡೆ ಜೋಡಿಸುತ್ತಾರೆ. ಜೋಡಣೆ ಒಂದೇ ಆದ್ದರಿಂದ ಸಮಯ ಕಡಿಮೆ, ತೂಕ ಬೈಪಾಸ್‌ನಷ್ಟೇ ಇಳಿಯುತ್ತದೆ. ಭಾರತದಲ್ಲಿ ಇದನ್ನು ಮಾಡುವವರು ಬಹಳ.

ಕೇಳಲೇಬೇಕಾದ ಪ್ರಶ್ನೆ: ‘ಎಷ್ಟು ಸೆಂಟಿಮೀಟರ್ ಕರುಳನ್ನು ಬಿಟ್ಟು ಜೋಡಿಸುತ್ತೀರಿ?’ 150 ಎಂದರೆ ಒಂದು ಮಾತು. 200 ಮತ್ತು ಅದಕ್ಕೂ ಮೇಲೆ ಹೋದಂತೆ ಪ್ರೋಟೀನ್ ಕೊರತೆ, ಕಾಲು ಬಾವು, ಎಣ್ಣೆಯಂಥ ಭೇದಿ ಹೆಚ್ಚುತ್ತವೆ. ಫ್ರಾನ್ಸಿನ ಯೊಮೆಗಾ ಅಧ್ಯಯನದಲ್ಲಿ 200 ಸೆಂ.ಮೀ. ಬಿಟ್ಟಾಗ ಪೋಷಣೆಯ ತೊಂದರೆ ಬೈಪಾಸ್‌ಗಿಂತ ಎದ್ದು ಕಂಡಿತು. ಮೊಟ್ಟೆ, ಮೀನು, ಮಾಂಸ ಮುಟ್ಟದ ಮನೆಯವರು ಇಲ್ಲಿ ಎರಡು ಪಟ್ಟು ಯೋಚಿಸಬೇಕು. ಮತ್ತೊಂದು ತೊಂದರೆ, ಪಿತ್ತರಸ ಹೊಟ್ಟೆಗೆ ಹಿಮ್ಮೆಟ್ಟುವುದು. ಆಮ್ಲದ ಮಾತ್ರೆ ಅದಕ್ಕೆ ಸಾಲುವುದಿಲ್ಲ. ತೀವ್ರ ಹುಳಿತೇಗು ಇರುವವರಿಗೆ ಇದು ಬೈಪಾಸ್‌ಗೆ ಬದಲಿಯಲ್ಲ.

ಉಳಿದವು

ಜಠರದ ಸುತ್ತ ಬಿಗಿಯುವ ಬ್ಯಾಂಡಿನ ಕಾಲ ಮುಗಿದಿದೆ. ಹಾಕಿಸಿಕೊಂಡವರಲ್ಲಿ ಅನೇಕರು ತೆಗೆಸಿಕೊಂಡಿದ್ದಾರೆ. ಜಠರದೊಳಗೆ ಇಡುವ ಬಲೂನು ತಾತ್ಕಾಲಿಕ, ಸಾಮಾನ್ಯವಾಗಿ ಆರು ತಿಂಗಳು. ಒಳಗೆ ನೀಲಿ ಬಣ್ಣ ಬೆರೆಸಿದ ಸಲೈನ್ ತುಂಬಿದ್ದರೆ, ಮೂತ್ರ ನೀಲಿಯಾದ ದಿನವೇ ಆಸ್ಪತ್ರೆಗೆ ಓಡಬೇಕು, ಬಲೂನು ಒಡೆದಿದೆ ಎಂದರ್ಥ. ಸ್ಲೀವ್ ಜೊತೆಗೆ ಕರುಳಿನ ಬಹುಭಾಗವನ್ನೂ ಬೈಪಾಸ್ ಮಾಡುವ ಡ್ಯುವೊಡಿನಲ್ ಸ್ವಿಚ್, ಸಾಡಿ ಎಂಬವು ಎಲ್ಲಕ್ಕಿಂತ ಹೆಚ್ಚು ತೂಕ ಇಳಿಸುತ್ತವೆ, ಎಲ್ಲಕ್ಕಿಂತ ಹೆಚ್ಚು ಕೊರತೆಯನ್ನೂ ತರುತ್ತವೆ. ಬಿಎಂಐ 50 ದಾಟಿದವರಿಗೆ ಮೊದಲು ಸ್ಲೀವ್ ಮಾಡಿ, ತೂಕ ಇಳಿದ ಮೇಲೆ ಎರಡನೆಯ ಹಂತವಾಗಿ ಇವನ್ನು ಮಾಡುವುದುಂಟು.

ತೀರ್ಮಾನಕ್ಕೆ ಮುಂಚೆ

ಎಂಡೋಸ್ಕೋಪಿ ಮಾಡದೆ ಸ್ಲೀವ್ ಎಂದು ಬರೆದುಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ‘ಗ್ಯಾಸ್ಟ್ರಿಕ್ ಸ್ವಲ್ಪ ಇದೆ’ ಅನ್ನುವವರ ಒಳಗೆ ದೊಡ್ಡ ಹಯಾಟಸ್ ಹರ್ನಿಯಾವೋ (ಜಠರದ ಮೇಲ್ಭಾಗ ಎದೆಯೊಳಕ್ಕೆ ಜಾರುವುದು) ಅನ್ನನಾಳದ ಹುಣ್ಣೋ ಇರಬಹುದು. ಆಮ್ಲದಿಂದ ಅನ್ನನಾಳದ ಒಳಪದರವೇ ಮಾರ್ಪಡುವ ಬ್ಯಾರೆಟ್ಸ್ ಬದಲಾವಣೆ ಕಂಡರೆ ಸ್ಲೀವ್ ಮಾತು ಬಿಟ್ಟುಬಿಡಬೇಕು. ಅದೇ ಹೊತ್ತಿಗೆ ಜಠರದಲ್ಲಿ ಹುಣ್ಣು ತರುವ ಎಚ್. ಪೈಲೊರಿ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆಯೂ ಆಗಲಿ. ಪಿತ್ತಕೋಶದ ಸ್ಕ್ಯಾನ್, ಥೈರಾಯ್ಡ್, ಬಿ12, ವಿಟಮಿನ್ ಡಿ, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಗೊರಕೆ ಇದ್ದರೆ ನಿದ್ರೆಯ ಪರೀಕ್ಷೆ, ಇವೂ ಬೇಕು.

ಸರ್ಜನ್ ಬಳಿ ಕೇಳಿ: ನೀವು ಈ ಮೂರನ್ನೂ ಮಾಡುತ್ತೀರಾ, ಒಂದನ್ನೇ ಮಾಡುತ್ತೀರಾ? ಒಂದನ್ನೇ ಮಾಡುವವರು ಆ ಒಂದನ್ನೇ ಸೂಚಿಸುತ್ತಾರೆ. ಸೋರಿಕೆಯಾದರೆ ರಾತ್ರಿ ಹನ್ನೆರಡಕ್ಕೆ ಯಾರು ನೋಡುತ್ತಾರೆ? ಪ್ಯಾಕೇಜಿನಲ್ಲಿ ಎಷ್ಟು ಸ್ಟೇಪ್ಲರ್ ಕಾರ್ಟ್ರಿಡ್ಜ್ ಸೇರಿದೆ? ಸ್ಲೀವ್‌ಗೆ ಐದಾರು ಬೇಕಾಗುತ್ತವೆ, ಹೆಚ್ಚಾದದ್ದು ಬಿಲ್ಲಿನಲ್ಲಿ ಏರುತ್ತದೆ.

ದಿನಾಂಕ ಗೊತ್ತಾದ ಮೇಲೆ ಎರಡು ವಾರ 800ರಿಂದ 1000 ಕ್ಯಾಲರಿಯ ಪಥ್ಯ ಕೊಡುತ್ತಾರೆ. ಉದ್ದೇಶ ತೂಕವಲ್ಲ, ಯಕೃತ್ತು. ಕೊಬ್ಬಿ ಊದಿದ ಯಕೃತ್ತು ಜಠರದ ಮೇಲೆ ಮಲಗಿದ್ದರೆ ಕ್ಯಾಮೆರಾಕ್ಕೆ ಜಾಗ ಸಿಗದು. ಹಿಂದಿನ ವಾರ ‘ಇನ್ನು ಸಿಗುವುದಿಲ್ಲ’ ಎಂದು ಹೋಳಿಗೆ ಊಟ ಹೊಡೆದವರ ಆಪರೇಷನ್ ಅರ್ಧಕ್ಕೆ ನಿಲ್ಲುವ ಸಂಭವವಿದೆ. ಧೂಮಪಾನ ಕನಿಷ್ಠ ಆರು ವಾರ ಮೊದಲೇ ನಿಲ್ಲಬೇಕು. ಶುಗರಿಗೆ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುತ್ತಿದ್ದರೆ ವೈದ್ಯರ ಸಲಹೆಯಂತೆ ಮೂರ್ನಾಲ್ಕು ದಿನ ಮುಂಚೆ ನಿಲ್ಲಿಸಬೇಕು.

ಆಮೇಲಿನ ಊಟ, ಮಾತ್ರೆ

ಮೊದಲೆರಡು ದಿನ ತಿಳಿನೀರು, ತಿಳಿ ಸಾರು. ನಂತರ ಎರಡು ವಾರ ಸೋಸಿದ ಬೇಳೆಕಟ್ಟು, ಮಜ್ಜಿಗೆ, ಹಾಲು, ಪ್ರೋಟೀನ್ ಪುಡಿ. ಆಮೇಲೆ ಎರಡು ವಾರ ನುಣ್ಣಗೆ ಅರೆದದ್ದು, ಮುಂದೆ ಮೆತ್ತನೆಯದು. ಮುದ್ದೆ ನುಂಗುವ ಅಭ್ಯಾಸದವರು ಇಲ್ಲಿ ಎಚ್ಚರ: ಜಗಿಯದೆ ನುಂಗಿದ ತುತ್ತು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಊಟಕ್ಕೂ ನೀರಿಗೂ ಅರ್ಧ ಗಂಟೆ ಅಂತರವಿರಲಿ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಗುಟುಕು ಗುಟುಕಾಗಿ.

ಪ್ರೋಟೀನ್ ದಿನಕ್ಕೆ 60 ಗ್ರಾಂ ಕನಿಷ್ಠ. ಎರಡು ಲೋಟ ಹಾಲಿನಲ್ಲಿ 16, ನೂರು ಗ್ರಾಂ ಪನೀರಿನಲ್ಲಿ 18, ಒಣಗಿದ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26. ಅನ್ನ ಸಾರಿನಿಂದಲೇ ಈ ಲೆಕ್ಕ ತುಂಬುವುದಿಲ್ಲ. ಮೂರನೆಯ ತಿಂಗಳಲ್ಲಿ ಕೂದಲು ಉದುರಿದಾಗ ಎಣ್ಣೆ ಬದಲಿಸುವ ಮೊದಲು ಇದನ್ನು ನೋಡಿ.

ಮಾತ್ರೆಗಳು ಜೀವನವಿಡೀ: ಮಲ್ಟಿವಿಟಮಿನ್, ಕ್ಯಾಲ್ಸಿಯಂ ಸಿಟ್ರೇಟ್ 1200ರಿಂದ 1500 ಮಿ.ಗ್ರಾಂ. ಬಿಡಿಬಿಡಿಯಾಗಿ, ವಿಟಮಿನ್ ಡಿ, ಬಿ12 (ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್ ಸುಲಭ), ಮುಟ್ಟಾಗುವ ಹೆಂಗಸರಿಗೂ ಬೈಪಾಸ್ ಆದವರಿಗೂ ಕಬ್ಬಿಣ 45ರಿಂದ 60 ಮಿ.ಗ್ರಾಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಇರಲಿ. ಕಾಫಿ, ಟೀ ಜೊತೆ ಕಬ್ಬಿಣ ಬೇಡ. ಇವನ್ನು ತಪ್ಪಿಸದೆ ನುಂಗುವೆನೆಂಬ ಭರವಸೆ ನಿಮ್ಮ ಮೇಲೆ ನಿಮಗಿಲ್ಲದಿದ್ದರೆ ಬೈಪಾಸ್‌ಗಿಂತ ಸ್ಲೀವ್ ಕಡಿಮೆ ಅಪಾಯದ್ದು. ಮಗು ಬೇಕೆನ್ನುವವರು 12ರಿಂದ 18 ತಿಂಗಳು ತಡೆಯಬೇಕು. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನು ನಂಬುವಂತಿಲ್ಲ, ಬೇರೆ ವಿಧಾನ ಬೇಕು. ತೂಕ ಸಡನ್ನಾಗಿ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗದಂತೆ ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದುಂಟು.

ತಡಮಾಡಬಾರದ ಲಕ್ಷಣಗಳು

ಮೊದಲ ಹತ್ತು ದಿನಗಳಲ್ಲಿ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರವಿಲ್ಲದಿದ್ದರೂ ಹೊಟ್ಟೆ ಮೆತ್ತಗಿದ್ದರೂ ಸೋರಿಕೆ ಎಂದೇ ಹಿಡಿದು ಆಸ್ಪತ್ರೆಗೆ ಹೋಗಿ. ಎರಡು ಮೂರು ದಿನ ಬಿಡದೆ ವಾಂತಿಯಾದರೆ ಥಯಾಮಿನ್ (ವಿಟಮಿನ್ ಬಿ1) ಬತ್ತುತ್ತದೆ. ಕಣ್ಣು ಮಂಜಾಗಿ ನಡಿಗೆ ತೂರಾಡುವ ಮುಂಚೆ ಅದರ ಇಂಜೆಕ್ಷನ್ ಬೀಳಬೇಕು, ಗ್ಲೂಕೋಸ್ ಡ್ರಿಪ್ ಅದರ ನಂತರ. ಬೈಪಾಸ್ ಆಗಿ ವರ್ಷಗಳು ಕಳೆದ ಮೇಲೂ ಹೊಟ್ಟೆಯಲ್ಲಿ ಹಿಂಡುವಂಥ ನೋವು ಬಂದು ಹೋಗುತ್ತಿದ್ದರೆ, ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಂಡಿರಬಹುದು. ಊರಿನ ಕ್ಲಿನಿಕ್ಕಿನಲ್ಲಿ ‘ಗ್ಯಾಸ್’ ಎಂದು ಇಂಜೆಕ್ಷನ್ ಕೊಟ್ಟು ಕಳಿಸುವುದು ಇದಕ್ಕೇ. ಯಾವ ಆಪರೇಷನ್, ಯಾವ ವರ್ಷ, ಎಷ್ಟು ಸೆಂ.ಮೀ. ಎಂದು ಬರೆದ ಚೀಟಿ ಪರ್ಸಿನಲ್ಲಿರಲಿ, ಸಿಟಿ ಸ್ಕ್ಯಾನ್ ಬೇಕೆಂದು ನೀವೇ ಕೇಳಿ.