ಪೆನ್‌ಡ್ರೈವ್ ಹಿಡಿಯದ ಹಳೇ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಾಕು

ಮಲ್ಪೆಯ ನಮ್ಮ ಮನೆಯಲ್ಲಿ ಉಪ್ಪುಗಾಳಿಗೆ ಹಳೇ ಥಿಂಕ್‌ಪ್ಯಾಡಿನ ಯುಎಸ್‌ಬಿ ಪೋರ್ಟುಗಳೆಲ್ಲ ತುಕ್ಕು ಹಿಡಿದು ಕೂತಿದ್ದವು, ಡಿವಿಡಿ ಡ್ರೈವ್ ಅಂತೂ ಯಾವತ್ತೋ ಸತ್ತಿತ್ತು. ಅಂಥದ್ದನ್ನು ಎಸೆಯಬೇಡಿ ಮಾರಾಯ್ರೆ, ನೆಟ್‌ವರ್ಕಿನಿಂದಲೇ ಬೂಟ್ ಮಾಡಿ, ಅಂದರೆ ಚಾಲೂ ಮಾಡಿ, ಹೊಸದಾಗಿ ಲಿನಕ್ಸ್ ಹಾಕಬಹುದು.

ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಸರ್ವರ್ ಸಾಫ್ಟ್‌ವೇರ್ ಹಾಕಿ, ಇನ್‌ಸ್ಟಾಲರಿನ ಬೂಟ್ ಫೈಲುಗಳನ್ನು ಲ್ಯಾಪ್‌ಟಾಪಿಗೆ ಕಳಿಸುವ ಟಿಎಫ್‌ಟಿಪಿ ಅದರಲ್ಲೇ ಉಂಟು. ಮನೆಯ ರೂಟರ್ ಹೇಗೂ ಐಪಿ ವಿಳಾಸ ಕೊಡುತ್ತಿರುತ್ತದೆ ಅಲ್ವಾ, ಅದರ ಜೊತೆ ಜಗಳ ಬೇಡ, ಇದನ್ನು ಪ್ರಾಕ್ಸಿ ಮೋಡಿನಲ್ಲಿ ಓಡಿಸಿ. ಆಗ ಬೂಟ್ ಫೈಲ್ ಎಲ್ಲಿದೆ ಅಂತ ಮಾತ್ರ ಹೇಳಿ ಸುಮ್ಮನಿರುತ್ತದೆ. ನಾನು ಮೊದಲು ಎರಡೆರಡು ಡಿಎಚ್‌ಸಿಪಿ (ಐಪಿ ಹಂಚುವ ಸೇವೆ) ಓಡಿಸಿ, ಮನೆಯವರ ಫೋನಿನ ನೆಟ್ಟೆಲ್ಲ ಕೆಡಿಸಿ ಬೈಸಿಕೊಂಡೆ.

ಥಿಂಕ್‌ಪ್ಯಾಡ್ ಆನ್ ಮಾಡುವಾಗ ಎಫ್12 ಒತ್ತಿ, ಲ್ಯಾನ್ ಆರಿಸಿ. ವೈಫೈ ನಂಬಬೇಡಿ, ಕೇಬಲ್ ಬೇಕೇ ಬೇಕು. ಲ್ಯಾಪ್‌ಟಾಪನ್ನು ಚಾಲೂ ಮಾಡುವ ಒಳಗಿನ ಪ್ರೋಗ್ರಾಮ್ ಹಳೇ ಬಯಾಸ್ ಆದರೆ ಪಿಎಕ್ಸ್‌ಇಲಿನಕ್ಸ್ ಎಂಬ ಬೂಟ್ ಫೈಲ್, ಹೊಸ ಯುಇಎಫ್‌ಐ ಆದರೆ ಅದರದ್ದೇ ಬೇರೆ ಫೈಲ್. ಅದಲುಬದಲಾದರೆ ಬೂಟ್ ಆಗುವುದಿಲ್ಲ. 32 ಬಿಟ್ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸಿನ 12ನೇ ಆವೃತ್ತಿ ಹಾಕಿ, 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ. ಇನ್‌ಸ್ಟಾಲರಿನಲ್ಲಿ ನೆಟ್‌ವರ್ಕ್ ಕನ್ಸೋಲ್ ಆರಿಸಿಕೊಂಡರೆ ಉಳಿದ ಕೆಲಸವನ್ನು ಎಸ್‌ಎಸ್‌ಎಚ್‌ನಲ್ಲಿ, ಅಂದರೆ ಇನ್ನೊಂದು ಕಂಪ್ಯೂಟರಿನಿಂದಲೇ, ಚಾವಡಿಯಲ್ಲಿ ಚಾ ಕುಡಿಯುತ್ತಾ ಮುಗಿಸಬಹುದು.